ಹಾಲುಹಲ್ಲು ಎಣಿಸಿದ್ದೀರಾ?

ಕೂಸಿಗೆ ಮೊದಲ ಹಲ್ಲು ಮೇಲೆ ಬಂತೋ ಕೆಳಗೆ ಬಂತೋ ಅನ್ನುವುದು ಮೈಸೂರು ಸೀಮೆಯ ಮನೆಗಳಲ್ಲಿ ಈಗಲೂ ಸಣ್ಣ ಸುದ್ದಿಯಲ್ಲ. ಕೆಳಗೆ ಬಂದರೆ ಎಲ್ಲರೂ ನಿರಾಳ. ಮೇಲಿನದು ಮೊದಲು ಇಣುಕಿತೋ, ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ಮಾತು ಹೊರಡುತ್ತದೆ. ಪರಿಹಾರ ಒಂದೊಂದು ಮನೆಯಲ್ಲಿ ಒಂದೊಂದು ಥರ. ಹಾಗಾಗಿ ಆರೇಳು ತಿಂಗಳ ಮಗುವಿನ ಒಸಡನ್ನು ಬೆರಳಲ್ಲಿ ಸವರಿ ನೋಡುವ ಅಜ್ಜಿಗಿಂತ ಚುರುಕಾದ ತಪಾಸಣಾಧಿಕಾರಿ ಬೇರೊಬ್ಬರಿಲ್ಲ. ಸೋಜಿಗವೆಂದರೆ ಆ ಶ್ರದ್ಧೆಯೆಲ್ಲ ಮೊದಲ ಹಲ್ಲಿಗೇ ಖರ್ಚಾಗಿಬಿಡುತ್ತದೆ. ಆಮೇಲೆ ಎರಡೂವರೆ ವರ್ಷದವರೆಗೆ ಒಂದರ ಹಿಂದೊಂದು ಬರುವ ಹತ್ತೊಂಬತ್ತು ಹಲ್ಲುಗಳನ್ನು ಯಾರೂ ಎಣಿಸುವುದಿಲ್ಲ. ಹುಳುಕು ಹತ್ತಿ ಕೆನ್ನೆ ಊದಿಕೊಂಡ ರಾತ್ರಿಯೇ ಮತ್ತೆ ಬಾಯಿ ತೆರೆಸುವುದು.

ಹುಳುಕು ಹಲ್ಲಿನ ಬಗ್ಗೆ ಬೇಕಾದಷ್ಟು ಬರೆದದ್ದಾಗಿದೆ. ಇಲ್ಲಿ ಹೇಳಹೊರಟಿರುವುದು ಹುಟ್ಟುವಾಗಲೇ ಆಕಾರ ಬದಲಾಗಿ ಬರುವ ಹಾಲುಹಲ್ಲುಗಳ ಸಂಗತಿ. ಎರಡು ಹಲ್ಲು ಕೂಡಿಕೊಂಡು ಅಗಲವಾದ ಒಂದೇ ಹಲ್ಲಾಗುವುದು, ಮುಂಬಲ್ಲಿನ ಬೆನ್ನಿಗೆ ಮುಳ್ಳಿನಂಥ ಕೊಂಬು ಮೂಡುವುದು, ಬಾಚಿಹಲ್ಲು ಕೋರೆಹಲ್ಲಿಗಿಂತ ಚೂಪಾಗಿ ಬರುವುದು, ಮೇಲ್ದವಡೆಯ ನಟ್ಟನಡುವೆ ಒಂಟಿ ಹಲ್ಲೊಂದು ಕೂತುಬಿಡುವುದು. ಅಪರೂಪ ಹೌದು, ಕಣ್ಣಿಗೆ ಬೀಳದಷ್ಟು ಅಪರೂಪವಲ್ಲ. ಹಾಲುಹಲ್ಲಿನಲ್ಲಿ ಕೂಡುಹಲ್ಲು ಕಾಣುವುದು ನೂರು ಮಕ್ಕಳಿಗೆ ಅರ್ಧದಿಂದ ಎರಡೂವರೆಯಷ್ಟು ಎಂದು ಬೇರೆ ಬೇರೆ ದೇಶಗಳ ಲೆಕ್ಕಗಳು ಹೇಳುತ್ತವೆ. ಅಂದರೆ ನಿಮ್ಮ ಬಡಾವಣೆಯ ನಾಲ್ಕೈದು ಅಂಗನವಾಡಿ ಸುತ್ತಿದರೆ ಅಂಥ ಮಗು ಒಂದಾದರೂ ಸಿಕ್ಕೀತು. ಅದರ ಅಪ್ಪ ಅಮ್ಮನಿಗೇ ವಿಷಯ ಗೊತ್ತಿರುವುದಿಲ್ಲ, ಅಷ್ಟೇ.

ಗೊತ್ತಾದರೂ ಬರುವ ಉತ್ತರ ಒಂದೇ: 'ಬಿದ್ದೋಗೋ ಹಲ್ಲು ತಾನೆ, ಬಿಡಿ.' ನನ್ನ ತಕರಾರಿರುವುದು ಈ ಮಾತಿನ ಜೊತೆ. ಪತ್ತೆ ಆಗದಿರುವುದಕ್ಕೆ ಯಂತ್ರ ಇಲ್ಲ, ತಜ್ಞರಿಲ್ಲ ಎಂಬುದು ಕಾರಣವಲ್ಲ, ಮೈಸೂರಿನಲ್ಲಂತೂ ಖಂಡಿತ ಅಲ್ಲ. ಬನ್ನಿಮಂಟಪದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು 1986ರಿಂದ ಇದೆ. ತಿಲಕ್‌ನಗರದಲ್ಲಿ ಫಾರೂಕಿಯಾ ದಂತ ಕಾಲೇಜಿದೆ. ದಂತ ಕಾಲೇಜು ಅಂದಮೇಲೆ ಮಕ್ಕಳ ಹಲ್ಲಿಗೇ ಒಂದು ವಿಭಾಗ ಇರುತ್ತದೆ, ವಿದ್ಯಾರ್ಥಿಗಳ ಬಾಯಲ್ಲಿ ಅದು 'ಪೀಡೋ'. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸೀಳುತುಟಿ, ಸೀಳಂಗುಳಿನಂಥ ರಚನಾದೋಷಗಳಿಗೆಂದೇ ಪ್ರತ್ಯೇಕ ಘಟಕವಿದೆ. ಸೀಳಿನ ಅಕ್ಕಪಕ್ಕದ ಹಲ್ಲು ಇಲ್ಲದಿರುವುದು, ಚಿಕ್ಕದಾಗಿ ಮೊನಚಾಗಿ ಬರುವುದು, ಒಂದು ಹೆಚ್ಚಿಗೆ ಇರುವುದು ಅಂಥ ಮಕ್ಕಳಲ್ಲಿ ಮಾಮೂಲು. ನೋಡುವವರು ಊರಲ್ಲೇ ಇದ್ದಾರೆ. ತೋರಿಸುವವರು ಕಡಿಮೆ.

ನಮ್ಮ ರಾಜ್ಯದ್ದೇ ಒಂದು ದೊಡ್ಡ ಲೆಕ್ಕ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನದು. 2007ರ ಸೆಪ್ಟೆಂಬರ್‌ನಿಂದ 2008ರ ಡಿಸೆಂಬರ್‌ವರೆಗೆ ಅಲ್ಲಿ ಪರೀಕ್ಷಿಸಿದ 20,182 ಮಂದಿಯಲ್ಲಿ 350 ಜನರಿಗೆ ಹಲ್ಲಿನ ಬೆಳವಣಿಗೆಯ ಒಂದಲ್ಲ ಒಂದು ವ್ಯತ್ಯಾಸ ಸಿಕ್ಕಿತು. ಹೆಚ್ಚುವರಿ ಹಲ್ಲು, ಬೇರು ಸೊಟ್ಟಗಾದದ್ದು, ಚೂಪು ಹಲ್ಲು, ಹುಟ್ಟದೇ ಉಳಿದ ಹಲ್ಲು, ಇವೇ ಹೆಚ್ಚು. ಆದರೆ ಇವರೆಲ್ಲ ಏನೋ ತೊಂದರೆ ಅಂತ ತಾವಾಗಿಯೇ ಆಸ್ಪತ್ರೆ ಮೆಟ್ಟಿಲು ಹತ್ತಿದವರು. ಮೆಟ್ಟಿಲು ಹತ್ತದ ಮೂರು ವರ್ಷದ ಪುಟಾಣಿಗಳ ಲೆಕ್ಕ ಇಂಥ ಪಟ್ಟಿಗೆ ಬರುವುದಿಲ್ಲ.

ಪತ್ತೆ ಮಾಡುವ ಬಗೆ ಹೇಗಿರುತ್ತದೆ ನೋಡಿ. ಎರಡು ವರ್ಷದ ಮಗುವನ್ನು ದಂತವೈದ್ಯರ ಆ ದೊಡ್ಡ ಕುರ್ಚಿಯಲ್ಲಿ ಒಂಟಿಯಾಗಿ ಕೂರಿಸಿದರೆ ಕೆಲಸ ಕೆಟ್ಟಂತೆಯೇ. ಬಲ್ಲ ವೈದ್ಯರು ಕುರ್ಚಿಯನ್ನೇ ಬಿಟ್ಟುಬಿಡುತ್ತಾರೆ. ತಾಯಿಯ ಎದುರು ಸ್ಟೂಲು ಎಳೆದುಕೊಂಡು ಮಂಡಿಗೆ ಮಂಡಿ ತಾಗುವಂತೆ ಕೂರುತ್ತಾರೆ. ಮಗು ಅಮ್ಮನ ಕಡೆ ಮುಖ ಮಾಡಿ ಅವಳ ಸೊಂಟದ ಎರಡೂ ಬದಿಗೆ ಕಾಲು ಚಾಚಿ ಕೂತಿರುತ್ತದೆ. ಹಾಗೇ ಮೆಲ್ಲಗೆ ಹಿಂದಕ್ಕೆ ವಾಲಿಸಿದರೆ ತಲೆ ವೈದ್ಯರ ಮಡಿಲಿಗೆ ಬರುತ್ತದೆ. ಕೈ ಹಿಡಿದುಕೊಂಡಿರುವವಳು ಅಮ್ಮ, ಕಣ್ಣೆದುರು ಇರುವುದೂ ಅವಳ ಮುಖವೇ. ಮಗು ಅತ್ತರೆ ಇನ್ನೂ ಅನುಕೂಲ, ಬಾಯಿ ತಾನಾಗಿ ಪೂರ್ತಿ ತೆರೆಯುತ್ತದೆ. ಹತ್ತಿಯಿಂದ ಎಂಜಲು ಒರೆಸಿ, ಪುಟ್ಟ ಕನ್ನಡಿಯೊಂದನ್ನು ಒಳಗಿಟ್ಟು, ವೈದ್ಯರು ಮೊದಲು ಮಾಡುವ ಕೆಲಸ ಎಣಿಸುವುದು. ಗಟ್ಟಿಯಾಗಿ ಎಣಿಸುತ್ತಾರೆ, ಅಮ್ಮನಿಗೂ ಕೇಳಲಿ ಅಂತ. ಎರಡೂವರೆ, ಮೂರು ವರ್ಷವಾದ ಬಾಯಲ್ಲಿ ಮೇಲೆ ಹತ್ತು, ಕೆಳಗೆ ಹತ್ತು ಇರಬೇಕು.

ಕೆಳಗೆ ಒಂಬತ್ತೇ ಸಿಕ್ಕಿತು ಅನ್ನಿ. ಎಡಗಡೆ ಒಂದು ಹಲ್ಲು ವಿಪರೀತ ಅಗಲ. ಅದರ ಮುಖದ ಮೇಲೆ ಅಂಚಿನಿಂದ ಒಸಡಿನತ್ತ ಇಳಿಯುವ ಒಂದು ಗೀರು, ತುದಿಯಲ್ಲೊಂದು ಸಣ್ಣ ಕಚ್ಚು. ಗೀರಿನ ತಳದಲ್ಲಿ ಕಂದು ಗೆರೆ: ರಾಗಿಸರಿಯೋ ಬಿಸ್ಕತ್ತೋ ಕೂತು ಕೂತು ಮೆತ್ತಿಕೊಂಡದ್ದು, ಬ್ರಶ್ಶಿನ ಎಳೆ ಅಲ್ಲಿಗೆ ತಲುಪುವುದಿಲ್ಲ. ಪಾರ್ಶ್ವದ ಬಾಚಿಹಲ್ಲು, ಅದರ ಪಕ್ಕದ ಕೋರೆಹಲ್ಲು ಕೂಡಿಕೊಂಡಿವೆ. ಕೆಳದವಡೆಯ ಹಾಲುಹಲ್ಲುಗಳಲ್ಲಿ ಹೆಚ್ಚಾಗಿ ಕೂಡಿಕೊಳ್ಳುವ ಜೋಡಿ ಇದೇ. ವೈದ್ಯರ ಚಾರ್ಟಿನಲ್ಲಿ ಅವಕ್ಕೆ 72, 73 ಅಂತ ಸಂಖ್ಯೆ. 'ಅಮ್ಮಾ, ಇದು ಜೋಡಿ ಹಲ್ಲು. ನೀವು ನೋಡಿರಲಿಲ್ವಾ?' ಅಂದರೆ ತಾಯಿ ಅತ್ತೆಯ ಮುಖ ನೋಡುತ್ತಾಳೆ. 'ಅಗಲವಾಗಿದೆ, ಗಟ್ಟಿ ಹಲ್ಲು ಅಂದ್ಕೊಂಡಿದ್ವಿ ಡಾಕ್ಟ್ರೇ' ಅನ್ನುತ್ತಾರೆ ಅತ್ತೆ.

ಅಗಲವಾದ ಹಲ್ಲಿದ್ದೂ ಎಣಿಕೆಯಲ್ಲಿ ಹತ್ತು ಸರಿಯಾಗಿ ಬಂದರೆ ಕತೆ ಬೇರೆ. ಆಗ ಎರಡು ಮೊಗ್ಗು ಸೇರಿದ್ದಲ್ಲ, ಒಂದೇ ಮೊಗ್ಗು ಎರಡಾಗಲು ಹೊರಟು ಅರ್ಧಕ್ಕೆ ನಿಂತದ್ದು ಎಂದು ಅಂದಾಜು. ಅಂದಾಜು ಎಂದದ್ದಕ್ಕೆ ಕಾರಣವಿದೆ. ಸಾಲಿನ ಹಲ್ಲೊಂದು ಹೆಚ್ಚುವರಿ ಹಲ್ಲಿನ ಜೊತೆ ಕೂಡಿಕೊಂಡರೂ ಎಣಿಕೆ ಹತ್ತೇ ಬರುತ್ತದೆ. ಬೇರು ಒಂದೋ ಎರಡೋ, ಒಳಗಿನ ನರದ ಕೊಳವೆ ಒಂದೋ ಎರಡೋ ಅನ್ನುವುದನ್ನು ಬೆರಳಗಲದ ಸಣ್ಣ ಎಕ್ಸ್‌ರೇ ತೋರಿಸುತ್ತದೆ. ಅಲ್ಲೂ ಒಂದೊಂದು ಸಲ ಸ್ಪಷ್ಟ ಉತ್ತರ ಸಿಗುವುದಿಲ್ಲ. ಪಠ್ಯಪುಸ್ತಕಗಳು ಎರಡಕ್ಕೂ ಎರಡು ಹೆಸರಿಟ್ಟು ಪುಟಗಟ್ಟಲೆ ಜಗಳವಾಡುತ್ತವೆ; ಮಗುವಿನ ಮಟ್ಟಿಗೆ ಆ ಜಗಳದಿಂದ ಆಗಬೇಕಾದದ್ದು ಹೆಚ್ಚೇನಿಲ್ಲ. ಆಗಬೇಕಾದದ್ದು ಎರಡು ಕೆಲಸ. ಗೀರನ್ನು ಸ್ವಚ್ಛ ಮಾಡಿ ತೆಳ್ಳಗೆ ಸೀಲಂಟ್ ತುಂಬಿ ಮುಚ್ಚುವುದು. ಇನ್ನೊಂದು, ಕೆಳಗೆ ಶಾಶ್ವತ ಹಲ್ಲು ಇದೆಯೇ ಎಂದು ಕಾಲ ಬಂದಾಗ ನೋಡುವುದು.

'ಬಿದ್ದೋಗೋ ಹಲ್ಲು' ಎಂಬ ಮಾತು ಮುಗ್ಗರಿಸುವುದು ಈ ಎರಡನೆಯದರಲ್ಲಿ. ಹಾಲುಹಲ್ಲು ಕೂಡಿಕೊಂಡ ಜಾಗದಲ್ಲಿ ಅದರ ಉತ್ತರಾಧಿಕಾರಿ ಹುಟ್ಟದೇ ಇರುವ ಸಂಭವ ಉಳಿದ ಮಕ್ಕಳಿಗಿಂತ ಬಹಳ ಹೆಚ್ಚು, ಅದರಲ್ಲೂ ಪಾರ್ಶ್ವದ ಬಾಚಿಹಲ್ಲು. ಜೊತೆಗೆ ಅಗಲವಾದ ಬೇರು ಬೇಗ ಕರಗುವುದಿಲ್ಲ. ಏಳನೇ ವರ್ಷದಲ್ಲಿ ಉದುರಬೇಕಾದ ಹಲ್ಲು ಅಲುಗಾಡದೆ ಕೂತು, ಹೊಸ ಹಲ್ಲು ಹಿಂದಿನಿಂದ ಅಡ್ಡದಾರಿ ಹಿಡಿಯುತ್ತದೆ. ಐದು ವರ್ಷದ ಹೊತ್ತಿಗೆ ಒಂದು ಎಕ್ಸ್‌ರೇ ತೆಗೆದಿದ್ದರೆ ಇದೆಲ್ಲ ಮುಂಚೆಯೇ ಗೊತ್ತಾಗುತ್ತದೆ. ಹನ್ನೆರಡರಲ್ಲಿ ತಂತಿ ಹಾಕಿಸಲು ಹೋದಾಗ 'ಈ ಹಲ್ಲು ಇಲ್ಲವೇ ಇಲ್ಲ' ಎಂದು ಕೇಳಿ ಕಂಗಾಲಾಗುವುದು ತಪ್ಪುತ್ತದೆ.

ಕೊಂಬಿನ ಹಲ್ಲು ಇದಕ್ಕಿಂತ ಕಳ್ಳ. ಇದು ಬೆಳೆಯುವುದು ಸಾಮಾನ್ಯವಾಗಿ ಮೇಲಿನ ಮುಂಬಲ್ಲಿನ ಹಿಂಬದಿಗೆ, ಎದುರಿಂದ ನೋಡಿದವರಿಗೆ ಹಲ್ಲು ಮುತ್ತಿನಂತಿರುತ್ತದೆ. ಡಬ್ಲ್ಯು.ಎಚ್. ಮಿಚೆಲ್ ಎಂಬಾತ 1892ರಲ್ಲೇ ಇದನ್ನು ವರ್ಣಿಸಿದ್ದ. ಹದ್ದಿನ ಉಗುರಿನ ಹೆಸರು ಕೊಟ್ಟವರು 1970ರಲ್ಲಿ ಮೆಲರ್ ಮತ್ತು ರೀಪ. ಶಾಶ್ವತ ಹಲ್ಲಿನಲ್ಲಿ ಪಾರ್ಶ್ವದ ಬಾಚಿಹಲ್ಲಿಗೆ ಹೆಚ್ಚು, ಹಾಲುಹಲ್ಲಿನಲ್ಲಿ ನಡುವಿನದಕ್ಕೆ ಹೆಚ್ಚು, ಒಟ್ಟಿನಲ್ಲಿ ಹಾಲುಹಲ್ಲಿನಲ್ಲಿ ತೀರಾ ವಿರಳ. ಕೊಂಬು ನಾಲಿಗೆಗೆ ತಾಗುತ್ತದೆ, ಕಚ್ಚುವಾಗ ಕೆಳಗಿನ ಹಲ್ಲಿಗೆ ಬಡಿಯುತ್ತದೆ, ಬುಡದ ಸಂದಿನಲ್ಲಿ ಹುಳುಕು ಸೇರುತ್ತದೆ. ಉಜ್ಜಿ ಚಪ್ಪಟೆ ಮಾಡಿಬಿಡೋಣ ಅನ್ನುವ ಹಾಗಿಲ್ಲ. ಒಳಗೆ ನರದ ಒಂದು ಚಾಚು ಇದ್ದರೂ ಇರಬಹುದು. ಅದಕ್ಕೇ ಕೆಲವು ವಾರಗಳ ಅಂತರ ಕೊಟ್ಟು ಸ್ವಲ್ಪ ಸ್ವಲ್ಪವೇ ಸವೆಸುತ್ತಾರೆ, ಪ್ರತಿ ಸಲ ಫ್ಲೋರೈಡ್ ಹಚ್ಚುತ್ತಾರೆ. ಆ ವಿರಾಮದಲ್ಲಿ ಹಲ್ಲು ಒಳಗಿನಿಂದ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಇದರ ಇನ್ನೊಂದು ಮೋಸವಿದೆ. ಇನ್ನೂ ಹುಟ್ಟದ ಹಲ್ಲಿನ ಮೇಲೆ ಕೊಂಬಿನ ನೆರಳು ಬಿದ್ದರೆ ಥೇಟು ಹೆಚ್ಚುವರಿ ಹಲ್ಲಿನಂತೆ ಕಾಣುತ್ತದೆ. ಅದನ್ನು ತೆಗೆಯಲೆಂದು ಶಸ್ತ್ರಚಿಕಿತ್ಸೆಗೆ ಹೊರಟ ಪ್ರಸಂಗಗಳು ದಂತವೈದ್ಯ ಸಾಹಿತ್ಯದಲ್ಲಿ ದಾಖಲಾಗಿವೆ.

ಇಂಥ ಹಲ್ಲು ಪತ್ತೆಯಾದ ಮೇಲೆ ಮನೆಯಲ್ಲಿ ಶುರುವಾಗುವ ವಿಚಾರಣೆ ನನಗೆ ಹಲ್ಲಿಗಿಂತ ಹೆಚ್ಚು ಕಸಿವಿಸಿ ತರುತ್ತದೆ. ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದಿದ್ದೆಯಾ, ಏನು ತಿಂದೆ, ಯಾವ ಮಾತ್ರೆ ನುಂಗಿದೆ. ಬೋನಿನಲ್ಲಿ ನಿಲ್ಲುವವಳು ತಾಯಿ. ಹಾಲುಹಲ್ಲಿನ ಕೆಲಸ ಗರ್ಭದ ಆರನೇ ವಾರಕ್ಕೇ ಶುರುವಾಗುತ್ತದೆ, ಎಷ್ಟೋ ಹೆಂಗಸರಿಗೆ ತಾನು ಬಸುರಿ ಅನ್ನುವುದು ಖಚಿತವಾಗುವ ಹೊತ್ತು ಅದು. ನಾಲ್ಕನೇ ತಿಂಗಳಿಗೆ ಮುಂಬಲ್ಲಿಗೆ ಸುಣ್ಣದಂಶ ಕೂರತೊಡಗುತ್ತದೆ. ಹಲ್ಲಿನ ಮೊಗ್ಗಿನೊಳಗೆ ಕೆಲವು ಜೀವಕೋಶಗಳ ಒಂದು ಸಣ್ಣ ಗಂಟಿರುತ್ತದೆ. ತಾನು ಬೆಳೆಯದೆ ಸುತ್ತಲಿನವಕ್ಕೆ 'ಬೆಳೆಯಿರಿ' ಎಂದು ರಾಸಾಯನಿಕ ಸಂಕೇತ ಕಳಿಸುವ ಈ ಗಂಟು ಎಲ್ಲಿ ಕೂರುತ್ತದೋ ಅಲ್ಲಿ ಹಲ್ಲಿನ ಮೊನೆ ಏಳುತ್ತದೆ. ಇದರ ಕೆಲಸವನ್ನು 1990ರ ದಶಕದಲ್ಲಿ ಬಿಡಿಸಿ ತೋರಿಸಿದವರಲ್ಲಿ ಹೆಲ್ಸಿಂಕಿಯ ಇರ್ಮಾ ಥೆಸ್ಲೆಫ್, ಯೂಕ್ಕಾ ಯೆರ್ನ್‌ವಾಲ್ ಮುಖ್ಯರು. ಆ ಸಂಕೇತದಲ್ಲಿ ಹೆಚ್ಚುಕಡಿಮೆಯಾದರೆ ಆಕಾರ ಬದಲಾಗುತ್ತದೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ, ಪರಂಗಿಹಣ್ಣಿಗೂ ಇಲ್ಲ.

ವಂಶಕ್ಕೆ ಮಾತ್ರ ಸಂಬಂಧ ಇರಬಹುದು. ಚೂಪು ಹಲ್ಲಿನ ಮಗುವಿನ ವಿಷಯಕ್ಕೆ ಬಂದರೆ, ಅಜ್ಜಿಯರು ಬೇರೇನೋ ಕಾರಣಕ್ಕೆ ಎಳೆದುತರುವ ಸೋದರಮಾವ ನಿಜಕ್ಕೂ ಮುಖ್ಯನಾಗಿಬಿಡುತ್ತಾನೆ. ಒಂದೂವರೆ ವರ್ಷವಾದರೂ ಹಲ್ಲು ಬಂದಿಲ್ಲ, ಬಂದ ಎರಡು ಮೂರೂ ತುದಿ ಚೂಪು. ಕೂದಲು ತೆಳು, ಹುಬ್ಬು ಇದ್ದೂ ಇಲ್ಲದಂತೆ. ಬೇಸಿಗೆ ಬಂತೆಂದರೆ ಕಾರಣ ಗೊತ್ತಾಗದ ಜ್ವರ. ಏಪ್ರಿಲ್ ತಿಂಗಳ ಮೈಸೂರಿನ ಬಿಸಿಲಲ್ಲೂ ಮಗುವಿನ ಮೈ ಬೆವರುವುದಿಲ್ಲ. ಬೆವರಿನ ಗ್ರಂಥಿ, ಕೂದಲು, ಹಲ್ಲು ಮೂರೂ ಗರ್ಭದಲ್ಲಿ ಒಂದೇ ಹೊರಪದರದಿಂದ ಹುಟ್ಟುವಂಥವು, ಆ ಪದರದ ದೋಷ ಮೂರರಲ್ಲೂ ಕಾಣುತ್ತದೆ. ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎಂದು ಇದರ ಹೆಸರು. ಇದರ ಹೆಚ್ಚು ಕಂಡುಬರುವ ಬಗೆ ಎಕ್ಸ್ ಕ್ರೋಮೋಸೋಮಿನದು: ತಾಯಿ ಹೊರುತ್ತಾಳೆ, ಮಗನಲ್ಲಿ ಕಾಣಿಸಿಕೊಳ್ಳುತ್ತದೆ. ಹಾಗಾಗಿ ತಿಳಿದ ವೈದ್ಯರು ಮಗುವಿನ ಬಾಯಿ ನೋಡಿದ ಮೇಲೆ ತಾಯಿಯ ಬಾಯನ್ನೂ ನೋಡುತ್ತಾರೆ, ಅವಳಲ್ಲೂ ಒಂದೆರಡು ಹಲ್ಲು ಚಿಕ್ಕದೋ ಚೂಪೋ ಇರುವುದುಂಟು. ಆಮೇಲೆ ಕೇಳುತ್ತಾರೆ: 'ನಿಮ್ಮ ತಮ್ಮಂದಿರಿಗೆ ಹಲ್ಲು ಹೇಗಿದೆಯಮ್ಮ? ಬಿಸಿಲು ತಡೀತಾರಾ?'

ಈ ಪ್ರಶ್ನೆ ಹಳೆಯದು. ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಸಾಕುಪ್ರಾಣಿ ಮತ್ತು ಬೆಳೆಗಳ ವೈವಿಧ್ಯದ ಕುರಿತ ತನ್ನ ಪುಸ್ತಕದ ಎರಡನೇ ಆವೃತ್ತಿಯಲ್ಲಿ ಸಿಂಧ್ ಪ್ರಾಂತ್ಯದ ಹಿಂದೂ ಕುಟುಂಬವೊಂದನ್ನು ಪ್ರಸ್ತಾಪಿಸುತ್ತಾನೆ. ನಾಲ್ಕು ತಲೆಮಾರಿನಲ್ಲಿ ಹತ್ತು ಗಂಡಸರಿಗೆ ಎರಡೂ ದವಡೆ ಸೇರಿ ನಾಲ್ಕು ಸಣ್ಣ, ದುರ್ಬಲ ಬಾಚಿಹಲ್ಲು, ಎಂಟು ದವಡೆ ಹಲ್ಲು. ಮೈಮೇಲೆ ಕೂದಲಿಲ್ಲದಂತೆ, ಬೇಗ ಬೋಳು, ಬೇಸಿಗೆಯಲ್ಲಿ ಚರ್ಮ ಒಣಗಿ ಒದ್ದಾಟ. ಹೆಣ್ಣುಮಕ್ಕಳಿಗೆ ಇದು ತಟ್ಟುವುದಿಲ್ಲ, ಆದರೆ ತಮ್ಮ ಗಂಡುಮಕ್ಕಳಿಗೆ ದಾಟಿಸುತ್ತಾರೆ ಎಂದು ಅವನು ಗುರುತಿಸಿದ್ದ. ಕ್ರೋಮೋಸೋಮ್ ಎಂಬ ಮಾತೇ ಇನ್ನೂ ಹುಟ್ಟಿರದ ಕಾಲವದು.

ನಮ್ಮಲ್ಲಿ ಇನ್ನೊಂದು ಎಳೆ ಸೇರಿಕೊಳ್ಳುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು, ಅತ್ತೆಯ ಮಗನಿಗೆ ಕೊಡುವುದು ಹಳೇ ಮೈಸೂರಿನಲ್ಲಿ ಮೊನ್ನೆ ಮೊನ್ನೆಯವರೆಗೂ ಮೊದಲ ಆಯ್ಕೆಯೇ ಆಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್ ಮತ್ತು ಎ.ಎಚ್. ಬಿಟಲ್ಸ್ ಮೊದಲಾದವರು 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಲಕ್ಷ ಮೀರಿದ ದಂಪತಿಗಳ ವಿವರ ಕಲೆಹಾಕಿದಾಗ ಹತ್ತಿರ ಹತ್ತಿರ ಮೂರರಲ್ಲೊಂದು ಮದುವೆ ಸಂಬಂಧದೊಳಗಿನದೇ ಆಗಿತ್ತು. ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾದ ಇನ್ನೊಂದು ಬಗೆ ಕಾಣಿಸಿಕೊಳ್ಳಬೇಕಾದರೆ ತಾಯಿ ತಂದೆ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬರಬೇಕು. ಅಂಥದ್ದಕ್ಕೆ ಸಂಬಂಧದೊಳಗಿನ ಮದುವೆ ದಾರಿ ಸಲೀಸು ಮಾಡುತ್ತದೆ, ಅಲ್ಲಿ ಹೆಣ್ಣುಮಗುವೂ ಪಾರಾಗುವುದಿಲ್ಲ. ಹಾಗಂತ ಕೂಡುಹಲ್ಲು ಕಂಡ ಕೂಡಲೇ ಮದುವೆಯ ಕಡೆ ಬೆರಳು ತೋರಿಸುವುದು ಅನ್ಯಾಯ. ಒಂಟಿಯಾಗಿ ಬರುವ ಕೂಡುಹಲ್ಲುಗಳಲ್ಲಿ ಬಹುಪಾಲಿಗೆ ಇಂಥದ್ದೇ ಎಂಬ ಕಾರಣ ಸಿಗುವುದಿಲ್ಲ.

ಒಂದನ್ನು ಮಾತ್ರ ಯಾರೂ ಬಿಟ್ಟುಬಿಡಬಾರದು: ಮೇಲ್ದವಡೆಯ ನಡುಗೆರೆಯ ಮೇಲೆ ಸರಿಯಾಗಿ ಕೂತ ಒಂಟಿ ಬಾಚಿಹಲ್ಲು. ಎರಡು ಇರಬೇಕಾದ ಕಡೆ ಒಂದೇ, ಎಡಬಲ ಎರಡೂ ಪಕ್ಕ ಒಂದೇ ಸಮ. ಐವತ್ತು ಸಾವಿರ ಹುಟ್ಟುಗಳಿಗೆ ಒಂದು ಅನ್ನುತ್ತಾರೆ. ನೋಡಲು ಮುದ್ದಾಗಿಯೇ ಇರುತ್ತದೆ, ಫೋಟೊ ತೆಗೆದು ಗ್ರೂಪಿಗೆ ಹಾಕಿ ನಗುವವರೂ ಇದ್ದಾರೆ. ಆದರೆ ಮುಖದ ನಡುಗೆರೆಯ ಬೆಳವಣಿಗೆಯಲ್ಲಿ ಎಲ್ಲೋ ತೊಡಕಾಗಿದೆ ಎಂಬುದಕ್ಕೆ ಅದೊಂದು ಗುರುತು. ಮೂಗಿನ ದಾರಿ ಕಿರಿದಾಗಿರಬಹುದು, ಪಿಟ್ಯುಟರಿ ಗ್ರಂಥಿ ಕೈಕೊಟ್ಟು ಮಗು ಕುಳ್ಳಾಗಿ ಉಳಿಯಬಹುದು, ಮೆದುಳಿನ ರಚನೆಯಲ್ಲೂ ವ್ಯತ್ಯಾಸ ಇರಬಹುದು. ಈ ಮಗು ದಂತವೈದ್ಯರಿಂದ ನೇರ ಮಕ್ಕಳ ವೈದ್ಯರ ಬಳಿಗೆ ಹೋಗಬೇಕು. ಎತ್ತರದ ಕೊರತೆ ಬೇಗ ಗೊತ್ತಾದರೆ ಹಾರ್ಮೋನಿನ ಚಿಕಿತ್ಸೆಗೆ ಸಮಯವಿರುತ್ತದೆ.

ಹೊರಗಿನಿಂದ ಕಾಣದವೂ ಇವೆ. ದವಡೆ ಹಲ್ಲಿನ ಹೊಟ್ಟೆ ಉದ್ದವಾಗಿ ಬೇರು ಗಿಡ್ಡವಾಗುವುದು ಒಂದು; ಆರ್ಥರ್ ಕೀತ್ 1913ರಲ್ಲಿ ಇದಕ್ಕೆ ಗೂಳಿಯ ಹಲ್ಲಿನ ಹೆಸರಿಟ್ಟ, ನಿಯಾಂಡರ್ತಾಲ್ ಮನುಷ್ಯರಲ್ಲಿ ಇದು ಸಾಮಾನ್ಯ, ಈಗಿನವರಲ್ಲಿ ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಹೆಚ್ಚು. ಹಲ್ಲಿನೊಳಗೆ ಹಲ್ಲು ಮಡಚಿಕೊಂಡಂತಿರುವುದು ಇನ್ನೊಂದು. ಹಾಲುಹಲ್ಲಿನಲ್ಲಿ ಅತಿ ವಿರಳ. ಇವು ಎಕ್ಸ್‌ರೇಯಲ್ಲಿ ಸಿಗಬೇಕಾದವು, ಮನೆಯವರಿಗೆ ಸಿಗುವಂಥವಲ್ಲ. ಎಕ್ಸ್‌ರೇ ಓದುವ ಕೆಲಸವನ್ನು ಕೃತಕ ಬುದ್ಧಿಮತ್ತೆಗೆ ಕಲಿಸುವ ಪ್ರಯತ್ನಗಳು ಜಗತ್ತಿನಾದ್ಯಂತ ನಡೆದಿವೆ. ನಡೆಯಲಿ. ಆದರೆ ಅಪರೂಪದ್ದನ್ನು ಗುರುತಿಸಲು ಯಂತ್ರಕ್ಕೂ ಮೊದಲು ಸಾಕಷ್ಟು ಉದಾಹರಣೆ ತೋರಿಸಬೇಕಲ್ಲ? ಬಾಯಿಯೇ ತೆರೆಸದ ಊರಲ್ಲಿ ಅವು ಬರುವುದಾದರೂ ಎಲ್ಲಿಂದ?

ಬಾಯಿ ತೆರೆಸುವ ವ್ಯವಸ್ಥೆ ಇಲ್ಲವೆಂದಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಶುರುವಾಯಿತು. ಸಂಚಾರಿ ವೈದ್ಯಕೀಯ ತಂಡ ಅಂಗನವಾಡಿಗೆ ವರ್ಷಕ್ಕೆರಡು ಸಲ, ಶಾಲೆಗೆ ಒಂದು ಸಲ ಬರಬೇಕು. ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಸೀಳುತುಟಿ ಇದೆ, ಹಲ್ಲೂ ಇದೆ, ಆದರೆ ಹಲ್ಲೆಂದರೆ ಅಲ್ಲಿ ಮುಖ್ಯವಾಗಿ ಹುಳುಕು. ಆ ಫಾರಮ್ಮಿಗೆ ಒಂದು ಸಾಲು ಸೇರಿದರೆ ಸಾಕು: ಮೂರು ತುಂಬಿದ ಮಗುವಿಗೆ ಮೇಲೆ ಎಷ್ಟು ಹಲ್ಲು, ಕೆಳಗೆ ಎಷ್ಟು. ಹತ್ತು ಹತ್ತು ಅಲ್ಲವೆಂದರೆ ಮೊಬೈಲಿನಲ್ಲಿ ಒಂದು ಫೋಟೊ, ದಂತ ಕಾಲೇಜಿಗೆ ಒಂದು ಚೀಟಿ. ಅಂಗನವಾಡಿ ಕಾರ್ಯಕರ್ತೆಯರ ತಲೆಮೇಲೆ ಈಗಾಗಲೇ ರಿಜಿಸ್ಟರುಗಳ ಹೊರೆಯಿದೆ, ಇದನ್ನೂ ಅವರಿಗೇ ಹೊರಿಸಿ ಎಂದು ನಾನು ಹೇಳಲಾರೆ. ಬಾಯಿ ತೆರೆಸುವ ವೈದ್ಯರ ತಂಡವೇ ಎಣಿಸಲಿ. ಮನೆಯಲ್ಲಿ ಮಾಡುವವರಿಗೆ ಲಸಿಕೆಯ ದಿನಗಳೇ ನೆನಪಿಗೆ ಸಾಕು. ಒಂಬತ್ತನೇ ತಿಂಗಳ ದಡಾರದ ಚುಚ್ಚುಮದ್ದಿನ ದಿನ ಬಂದಿರುವ ಹಲ್ಲಿನ ಆಕಾರ ನೋಡುವುದು, ಒಂದೂವರೆ ವರ್ಷದ ಬೂಸ್ಟರಿನ ದಿನ ಮುಂದಿನ ಎಂಟು ಹಲ್ಲನ್ನು ಹಿಂದೆ ಮುಂದೆ ಬೆರಳಲ್ಲಿ ಸವರುವುದು. ಮಗುವಿನ ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ದಂತವೈದ್ಯರಿಗೆ ತೋರಿಸಿ ಎನ್ನುವುದು ಮಕ್ಕಳ ದಂತವೈದ್ಯರೆಲ್ಲರ ಸಲಹೆ; ಕೇಕಿಗೆ ಹೋಲಿಸಿದರೆ ದಂತ ಕಾಲೇಜಿನ ಒಪಿಡಿ ಚೀಟಿ ಎಷ್ಟೋ ಅಗ್ಗ.

ಕೊನೆಗೂ ಆ ಹಲ್ಲು ಬಿದ್ದಾಗ ಏನು ಮಾಡಬೇಕು ಎಂಬುದೊಂದು ಉಳಿದಿದೆ. ನಮ್ಮಲ್ಲಿ ಸಗಣಿಯುಂಡೆಯಲ್ಲಿಟ್ಟು ಹೆಂಚಿನ ಮೇಲೆಸೆಯುವುದು, ಗಿಡದ ಬುಡಕ್ಕೆ ಹೂಳುವುದು ರೂಢಿ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1958ರಿಂದ 1970ರವರೆಗೆ ಮಕ್ಕಳಿಂದ ಸುಮಾರು 3,20,000 ಹಾಲುಹಲ್ಲು ಸಂಗ್ರಹಿಸಿದ್ದರು, ಅಣುಬಾಂಬಿನ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಸ್ಟ್ರಾನ್ಶಿಯಂ ಮಕ್ಕಳ ಮೈಸೇರಿದೆಯೇ ಎಂದು ಅಳೆಯಲು. ಹಲ್ಲು ಕೊಟ್ಟ ಮಗುವಿಗೆ ಎದೆಗೆ ಸಿಕ್ಕಿಸಿಕೊಳ್ಳಲು ಒಂದು ಬಿಲ್ಲೆ. ನಮ್ಮದು ಅಷ್ಟು ದೊಡ್ಡ ಕೆಲಸವೇನಲ್ಲ. ಆಕಾರ ಬದಲಾದ ಹಲ್ಲು ಬಿದ್ದರೆ ತೊಳೆದು ಸಣ್ಣ ಡಬ್ಬಿಯಲ್ಲಿ ಹಾಕಿ, ಮೇಲೆ ಮಗುವಿನ ವಯಸ್ಸು, ಬಿದ್ದ ತಾರೀಕು ಬರೆದು ಮುಂದಿನ ಸಲ ಹೋದಾಗ ವೈದ್ಯರ ಕೈಗೆ ಕೊಡಿ. ಬೇರು ಕರಗಿಹೋಗಿದ್ದರೂ ಅಡ್ಡಿಯಿಲ್ಲ. ಹಲ್ಲನ್ನು ಸೀಳಿ ನೋಡಿದರೆ ಒಳಗೆ ಕೋಣೆ ಒಂದಿತ್ತೋ ಎರಡಿತ್ತೋ ಅಲ್ಲೇ ಗೊತ್ತಾಗುತ್ತದೆ. ಆ ಮಗುವಿನ ತಮ್ಮನಿಗೋ ತಂಗಿಗೋ ಹಲ್ಲು ಬರುತ್ತಿದ್ದರೆ ಅವರನ್ನೂ ಅದೇ ದಿನ ಕರೆದುಕೊಂಡು ಹೋಗಿ ಎಣಿಸಿಸಿ.